ನಮ್ಮ ರೊಟ್ಟಿ ಒಲೆಗೆ ಹೊಗೆ ಕೊಳವೆ ಕೂರಿಸಿದ ಬಗ್ಗೆ

ಈ ಬರಹ ಯಾರ ಕೈ ಸೇರುವುದೆಂದು ತಿಳಿಯದ ಕಾರಣ, ಓದುವ ಎಲ್ಲರನ್ನೂ ಹಿರಿಯರೆಂದೇ ಭಾವಿಸಿ ಬರೆಯುತ್ತಿದ್ದೇನೆ. ಕಚೇರಿ ಪತ್ರಗಳ ಹೊರತು ಬೇರೆ ಬರವಣಿಗೆಯ ಅಭ್ಯಾಸ ನನಗಿಲ್ಲ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವಾಗ ನಮಗೆ ಕಲಿಸಿದ್ದು ಇಷ್ಟು: ಮೊದಲು ವಿಷಯ ಹೇಳಬೇಕು, ಆಮೇಲೆ ಹಿನ್ನೆಲೆ ಹೇಳಬೇಕು, ನಡುವೆ ಸ್ವಂತ ದುಃಖಕ್ಕೆ ಜಾಗ ಕೊಡಬಾರದು. ಈ ಕ್ರಮವನ್ನು ಪಾಲಿಸಲು ಪ್ರಯತ್ನಿಸುತ್ತೇನೆ. ಎಲ್ಲಿಯಾದರೂ ತಪ್ಪಿದಲ್ಲಿ ಅದು ಉದ್ದೇಶಪೂರ್ವಕವಲ್ಲವೆಂದು ಪರಿಗಣಿಸಬೇಕು.

ವಿಷಯವೇನೆಂದರೆ, ನಮ್ಮ ಮನೆಯ ರೊಟ್ಟಿ ಒಲೆಗೆ ಹೊಗೆ ಹೊರಹೋಗುವ ಕೊಳವೆಯನ್ನು ಕೂರಿಸಲಾಯಿತು. ಬೇಕೆಂದು ಕೇಳಿದವಳು ನಾನು. ಕೊಳವೆ ಬಂದರೆ ನನ್ನ ಮುಂಜಾವುಗಳು ನನಗೆ ಮರಳಿ ಸಿಗುತ್ತವೆಂದು ನಂಬಿದ್ದೆ.

ನಮ್ಮ ಮನೆ ಇರುವುದು ಕೆಲಗೇರಿಯಲ್ಲಿ, ಕೆರೆಯ ಕಡೆಯಿಂದ ಗಾಳಿ ಬೀಸುವ ಓಣಿಯಲ್ಲಿ. ಹಂಚಿನ ಮನೆ. ಮಾವನವರ ಕಾಲದಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನಟ್ಟನಡುವೆ ಗೋಡೆ ಎದ್ದಿತು. ಅಡುಗೆಮನೆಗೆ ಇದ್ದ ಒಂದೇ ಕಿಟಕಿ ಆ ಗೋಡೆಗೆ ಸೇರಿಹೋಯಿತು. ಕಿಟಕಿಯ ಚೌಕಟ್ಟು ಈಗಲೂ ಇದೆ, ಒಳಗೆ ಇಟ್ಟಿಗೆ ತುಂಬಿದ್ದಾರೆ. ಅದರ ಅಂಚಿನ ಮೇಲೆ ನಾವು ಉಪ್ಪಿನ ಡಬ್ಬಿ, ಅರಿಷಿಣದ ಡಬ್ಬಿ ಇಡುತ್ತೇವೆ. ಬೆಳಕಿಗೆ ಮಾಡಿನಲ್ಲಿ ಒಂದು ಗಾಜಿನ ಹಂಚು ಇದೆ. ಬರಲು ಹೋಗಲು ಪಡಸಾಲೆಯ ಕಡೆ ಒಂದು ಬಾಗಿಲಿದೆ. ಹೊಗೆಗೂ ಅದೇ ಬಾಗಿಲು, ನಮಗೂ ಅದೇ ಬಾಗಿಲು.

ಅತ್ತೆಯವರು ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಮಾವನವರು ತೀರಿಕೊಂಡ ಮೇಲೆ ಶುರುವಾದ ಉದ್ಯೋಗ. ಸಪ್ತಾಪುರದ ಒಂದು ಖಾನಾವಳಿಗೆ ದಿನಾಲು ರೊಟ್ಟಿ ಹೋಗುತ್ತದೆ. ಅಲ್ಲಿ ಊಟಕ್ಕೆ ಬರುವವರು ಹೆಚ್ಚಾಗಿ ಬಾಡಿಗೆ ಕೋಣೆಗಳಲ್ಲಿದ್ದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಗ್ಯಾಸಿನ ಮೇಲೆ ಮಾಡಿದ ರೊಟ್ಟಿಯನ್ನು ಸದರಿ ಖಾನಾವಳಿಯ ಮಾಲೀಕರು ಒಪ್ಪುವುದಿಲ್ಲ. ಗ್ಯಾಸಿನ ರೊಟ್ಟಿ ಆರಿದ ಮೇಲೆ ಚರ್ಮವಾಗುತ್ತದೆ, ಕಟ್ಟಿಗೆ ಉರಿಯಲ್ಲಿ ಉಬ್ಬಿ ಕೆಂಡದ ಮುಂದೆ ನಿಂತು ಬೆಂದ ರೊಟ್ಟಿ ಸಂಜೆಯವರೆಗೂ ಮೆತ್ತಗಿರುತ್ತದೆ ಎಂಬುದು ಅವರ ವಾದ. ವಾದ ಸರಿಯಾದದ್ದೇ. ಆದುದರಿಂದ ಮನೆಯಲ್ಲಿ ಗ್ಯಾಸ್ ಇದ್ದರೂ ಅದು ಚಹಾಕ್ಕೆ ಮಾತ್ರ.

ನನ್ನ ತವರು ಹತ್ತಿರದ ಹಳ್ಳಿ. ಮದುವೆಗೆ ಮುಂಚೆ ನಾನೂ ಸಪ್ತಾಪುರದಲ್ಲಿ ಕೋಣೆ ಹಿಡಿದು, ಒಂದು ವಾಚನಾಲಯದಲ್ಲಿ ಕೂತು ಓದುತ್ತಿದ್ದೆ. ಮದುವೆಯ ಮಾತುಕತೆಯಲ್ಲಿ ನನ್ನ ತಂದೆಯವರು ಇಟ್ಟ ಷರತ್ತು ಒಂದೇ, ಹುಡುಗಿ ಪರೀಕ್ಷೆ ಬರೆಯುವುದನ್ನು ಬಿಡಿಸಬಾರದು. "ಬರೀಲಿ ಬಿಡ್ರಿ, ನಮ್ಮ ಮನ್ಯಾಗ ಯಾರ್ ಬ್ಯಾಡಂತಾರ" ಎಂದು ಅತ್ತೆಯವರೇ ಉತ್ತರ ಕೊಟ್ಟಿದ್ದರು. ಆ ಮಾತನ್ನು ಅವರು ಇಂದಿನವರೆಗೂ ಹಿಂತೆಗೆದುಕೊಂಡಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಮೊದಲ ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅತ್ತೆಯವರು ಒಲೆಯ ಮುಂದೆ ಕೂರುತ್ತಿದ್ದರು. ನಾನು ಹಿಟ್ಟು ನಾದಿಕೊಟ್ಟು, ನೀರು ತುಂಬಿ, ಬಸ್ಸು ಹಿಡಿದು ವಾಚನಾಲಯಕ್ಕೆ ಹೋಗುತ್ತಿದ್ದೆ. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಹೋಗುವ ದಾರಿಯಲ್ಲಿ ರೊಟ್ಟಿಯ ಗಂಟನ್ನು ಖಾನಾವಳಿಗೆ ಮುಟ್ಟಿಸುವುದು ಅವರ ಪಾಲು. ಆಮೇಲೆ ಅತ್ತೆಯವರಿಗೆ ಕೆಮ್ಮು ಹತ್ತಿತು. ಮೊದಲು ಮುಂಜಾನೆ ಮಾತ್ರ ಇದ್ದದ್ದು ಬರಬರುತ್ತ ಮೆಟ್ಟಿಲು ಹತ್ತಿದರೂ ಬರತೊಡಗಿತು. ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ವೈದ್ಯರು ಎದೆಯ ಚಿತ್ರ ತೆಗೆಸಿ, ಒಲೆಯ ಬಗ್ಗೆ ವಿಚಾರಿಸಿ, ಇನ್ನು ಹೊಗೆಯಲ್ಲಿ ಕೂರಕೂಡದೆಂದು ತಿಳಿಸಿದರು.

ಮರುದಿನ ಮುಂಜಾನೆ ನನಗೆ ಯಾರೂ ಏನೂ ಹೇಳಲಿಲ್ಲ. ಒಲೆಯ ಮೇಲೆ ರೊಟ್ಟಿ ಬೇಯಿಸುವ ಹಂಚು ಕಾಯ್ದಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ಕೂತೆ.

ಕೂತ ಮೇಲೆ ಏಳಲು ಕಾರಣ ಸಿಗಲಿಲ್ಲ. ಅತ್ತೆಯವರು ಬಾಗಿಲ ಬಳಿ ಕೂತು ರೊಟ್ಟಿ ಬಡಿದು ಕೊಡುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಮಧ್ಯಾಹ್ನ ಜೋಳ ಹಸನು ಮಾಡಿ ಗಿರಣಿಗೆ ಒಯ್ಯಬೇಕು, ಸಂಜೆ ಕಟ್ಟಿಗೆ ಸೀಳಿಡಬೇಕು. ರಾತ್ರಿ ಪುಸ್ತಕ ತೆರೆದರೆ ಕಣ್ಣು ಉರಿಯುತ್ತಿತ್ತು. ನಾನು ಕೂತು ಓದುತ್ತಿದ್ದ ಓಣಿಗೇ ನನ್ನ ರೊಟ್ಟಿಗಳು ದಿನಾಲು ಹೋಗುತ್ತಿದ್ದವು, ನಾನು ಹೋಗುತ್ತಿರಲಿಲ್ಲ. ಪರೀಕ್ಷೆಗೆ ವಯೋಮಿತಿ ಇದೆ. ಮುಂದಿನ ಅಧಿಸೂಚನೆಗೆ ಅರ್ಜಿ ಹಾಕದಿದ್ದರೆ ಅದರ ನಂತರದ್ದಕ್ಕೆ ನಾನು ಅರ್ಹಳಾಗುವುದಿಲ್ಲ. ಈ ಸಂಗತಿ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು, ಯಾರೂ ಅದನ್ನು ಎತ್ತುತ್ತಿರಲಿಲ್ಲ.

ಹೀಗಿರಲು ತವರಿಗೆ ಹೋದಾಗ ಅಲ್ಲಿಯ ಒಂದು ಮನೆಯಲ್ಲಿ ಕೊಳವೆ ಇರುವ ಮಣ್ಣಿನ ಒಲೆಯನ್ನು ಕಂಡೆ. ಕಟ್ಟಿಗೆ ಹಾಕಲು ಒಂದೇ ಕಂಡಿ, ಮೇಲೆ ಪಾತ್ರೆ ಕೂರಲು ಎರಡು ಬಾಯಿ, ಹಿಂದೆ ಗೋಡೆಗುಂಟ ಸಿಮೆಂಟಿನ ಕೊಳವೆ ಮಾಡು ದಾಟಿ ಹೋಗಿತ್ತು. ಆ ಮನೆಯ ಮುದುಕಿ ಒಲೆಯ ಮುಂದೆ ಕೂತು ನಿರಾಳವಾಗಿ ಎಲೆ ಅಡಿಕೆ ಜಗಿಯುತ್ತಿದ್ದರು. ಅದನ್ನು ನೋಡಿ ನನ್ನ ಲೆಕ್ಕ ಹೀಗಾಯಿತು: ಹೊಗೆ ಹೋದರೆ ಅತ್ತೆಯವರು ತಮ್ಮ ಜಾಗಕ್ಕೆ ಮರಳಬಹುದು, ಅತ್ತೆಯವರು ಮರಳಿದರೆ ನಾನು ನನ್ನ ಜಾಗಕ್ಕೆ. ಮನೆಗೆ ಬಂದು ಈ ಬಗ್ಗೆ ವಿನಂತಿಸಿಕೊಂಡೆ. ನನ್ನ ವಿನಂತಿಯಲ್ಲಿ ಅತ್ತೆಯವರ ಕೆಮ್ಮಿನ ಪ್ರಸ್ತಾಪ ಮಾತ್ರ ಇತ್ತು.

ನಮ್ಮ ಮನೆಯವರು ನೋಡೋಣವೆಂದರು. ಅತ್ತೆಯವರು ನಕ್ಕರು. "ಒಲಿಗೆ ಬಾಲ ಹಚ್ಚಾಕ ಹೊಂಟೀಯಲ್ಲವಾ. ನಾಳೆ ಎದ್ದು ಓಡಿ ಹೋದ್ರ ಹಿಡಿಯಾವ್ರು ಯಾರು?" ನಗುವಿನ ನಡುವೆ ಕೆಮ್ಮು ಬಂದು, ನೀರು ಕುಡಿದು, ಆಮೇಲೆ ಆಗಲಿ ಎಂದರು.

ಪಕ್ಕದ ಓಣಿಯ ಗವಂಡಿಯನ್ನು, ಎಂದರೆ ಗಾರೆ ಕೆಲಸದವನನ್ನು, ಕರೆಸಲಾಯಿತು. ಇಂಥ ಒಲೆಗಳನ್ನು ಹಲವು ಹಳ್ಳಿಗಳಲ್ಲಿ ಕಟ್ಟಿದ್ದಾಗಿ ಅವನೇ ಹೇಳಿದ. ಹಳೆಯ ಒಲೆಯನ್ನು ಒಡೆಯುವ ಮುನ್ನ ಅತ್ತೆಯವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಲೆಗೆ ವಿಭೂತಿ ಹಚ್ಚಿ ಕೈಮುಗಿದರು. ನಮ್ಮಲ್ಲಿ ಒಲೆಗೆ ವಿಭೂತಿ ಹಚ್ಚದೆ ಬೆಂಕಿ ಹಾಕುವ ಪದ್ಧತಿ ಇಲ್ಲ. ಒಡೆಯುವುದಕ್ಕೂ ಅದೇ ಕ್ರಮ ಅನ್ವಯಿಸಿತು. ಒಡೆದ ಮಣ್ಣಿನಲ್ಲಿ ಒಂದು ಬುಟ್ಟಿಯಷ್ಟನ್ನು ಎತ್ತಿಟ್ಟು, ಕೆರೆಯ ಮಣ್ಣು, ಸಗಣಿ, ಹೊಟ್ಟಿನ ಜೊತೆ ಕಲಸಿ ಹೊಸ ಒಲೆಗೆ ಸೇರಿಸಿದರು. ಇಷ್ಟು ವರ್ಷ ಅನ್ನ ಕೊಟ್ಟ ಮಣ್ಣನ್ನು ತಿಪ್ಪೆಗೆ ಹಾಕುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಮಾಡಿನ ಮೇಲಿನ ಕೆಲಸ ನಡೆಯುವಾಗ ನಾವು ಹೆಂಗಸರು ಹೊರಗೆ ಅಂಗಳದಲ್ಲಿ ಗ್ಯಾಸ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದೆವು. ನಮ್ಮ ಮನೆಯವರು ಅಂದು ಅಂಗಡಿಗೆ ರಜೆ ಹಾಕಿ ಏಣಿ ಹಿಡಿದು ನಿಂತಿದ್ದರು. ಗವಂಡಿ ತನ್ನ ಸೂಚನೆಗಳನ್ನೆಲ್ಲ ಏಣಿ ಹಿಡಿದವರಿಗೆ ಹೇಳಿ, ಚಹಾ ಕುಡಿದು ಹೋದ. ಒಲೆ ಕಟ್ಟಿದವರೂ ಗಂಡಸರು, ಒಲೆಯ ವಿಷಯ ಕೇಳಿಸಿಕೊಂಡವರೂ ಗಂಡಸರು. ಆ ಹೊತ್ತಿಗೆ ಇದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ.

ಒಲೆ ಆರುವವರೆಗೆ ಕಾಯಬೇಕಾಯಿತು. ಅಷ್ಟು ದಿನ ಗ್ಯಾಸಿನ ರೊಟ್ಟಿಯೇ ಖಾನಾವಳಿಗೆ ಹೋಗಿ, ಹುಡುಗರು ಏನೆಂದರೆಂಬ ವರದಿ ದಿನಾಲು ಮನೆಗೆ ಬರುತ್ತಿತ್ತು. ಕೊನೆಗೆ ಬೆಂಕಿ ಹಾಕಿದ ದಿನ ಹೊಗೆಯೆಲ್ಲ ತಿರುಗಿ ನಮ್ಮ ಮೇಲೆಯೇ ಬಂತು. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಕೆಳಗಿತ್ತು. ಕೆರೆಯ ಗಾಳಿ ಮಾಡಿನ ಮೇಲಿಂದ ಉರುಳಿ ಬಂದು ಕೊಳವೆಯ ಬಾಯಿಯೊಳಗೇ ಇಳಿಯುತ್ತಿತ್ತು. ಕಣ್ಣೊರೆಸಿಕೊಳ್ಳುತ್ತ ಅತ್ತೆಯವರು, "ಇಷ್ಟ್ ದಿನಾ ಊದೂ ಕೊಳವಿ ನಮ್ಮ ಕೈಯಾಗ ಇತ್ತು. ಈಗ ಮ್ಯಾಲಿಂದ ಯಾರೋ ನಮ್ಮ ಮಾರಿಗೆ ಊದಾಕತ್ತಾರ ನೋಡು" ಎಂದರು. ಗವಂಡಿ ಮತ್ತೆ ಬಂದು ಇನ್ನೊಂದು ತುಂಡು ಜೋಡಿಸಿ ಕೊಳವೆಯನ್ನು ನೆತ್ತಿಗಿಂತ ಮೇಲಕ್ಕೆ ಒಯ್ದ. ತುದಿಗೆ ಮಳೆ ಬೀಳದಂತೆ ತಗಡಿನ ಟೊಪ್ಪಿಗೆ ಹಾಕಿ, ಮಾಡಿನ ಹಂಚು ಬಿಡಿಸಿದ ಜಾಗದ ಸುತ್ತ ಸಿಮೆಂಟು ಮೆತ್ತಿದ.

ಮರುದಿನ ಮುಂಜಾನೆ ಉರಿ ಒಳಕ್ಕೆ ಬಾಗಿತು. ಅದನ್ನು ಹೇಗೆ ವಿವರಿಸಬೇಕೋ ತಿಳಿಯದು. ಹೊರಗೆ ಚಾಚಿ ಹಂಚನ್ನು ನೆಕ್ಕುತ್ತಿದ್ದ ಉರಿ, ಯಾರೋ ಕರೆದಂತೆ ಒಳಗೆ ತಿರುಗಿ ಹಿಂದಕ್ಕೆ ಹೋಯಿತು. ಕೊಳವೆಯಲ್ಲಿ ಸಣ್ಣ ಸದ್ದು. ಅಡುಗೆಮನೆಯಲ್ಲಿ ಹೊಗೆ ಇರಲಿಲ್ಲ. ಕೂತ ಜಾಗದಿಂದ ಎದುರು ಗೋಡೆಯನ್ನು ನಾನು ಅಂದೇ ಮೊದಲ ಬಾರಿಗೆ ಸ್ಪಷ್ಟವಾಗಿ ನೋಡಿದ್ದು. ಹೊಗೆ ಇದ್ದಾಗ ಗೋಡೆ ಎಲ್ಲಿದೆ ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಹೊಗೆ ಹೋದ ಮೇಲೆ ಕೋಣೆ ಚಿಕ್ಕದಾಯಿತು.

ಅತ್ತೆಯವರ ಕೆಮ್ಮು ಕಡಿಮೆಯಾಯಿತು. ಕೆಲವು ದಿನಗಳ ನಂತರ ಅವರು ತಾವಾಗಿಯೇ ಬಂದು ನನ್ನನ್ನು ಸರಿಸಿ ಒಲೆಯ ಮುಂದೆ ಕೂತರು. ನಾನು ಒಳಗೆ ಹೋಗಿ ಪುಸ್ತಕದ ಚೀಲದ ಧೂಳು ಕೊಡವಿದೆ. ಹೊರಗೆ ಬಂದಾಗ ಅವರು ಒಲೆಯ ಎರಡನೆಯ ಬಾಯಿಯನ್ನು ನೋಡುತ್ತಿದ್ದರು. ರೊಟ್ಟಿ ಬೇಯುವ ಹೊತ್ತಿಗೆ ಅಲ್ಲಿ ಸುಮ್ಮನೆ ಶಾಖ ಹೋಗುತ್ತಿದೆಯಲ್ಲ, ಖಾನಾವಳಿಯವರು ಎಂದಿನಿಂದಲೋ ಬದನೆಕಾಯಿ ಎಣ್ಣೆಗಾಯಿ ಕೇಳುತ್ತಿದ್ದಾರೆ, ಅದನ್ನೂ ಹಿಡಿಯೋಣ ಎಂದರು. ಹಿಡಿದೆವು. ಒಂದು ಬೆಂಕಿಗೆ ಎರಡು ಬಾಯಿ ಆಗಿತ್ತು, ಎರಡು ಬಾಯಿಗೆ ಇಬ್ಬರು ಬೇಕಾದರು. ಮೊದಲು ಹೊಗೆ ಇದೆಯೆಂದು ನಾನು ಅಲ್ಲಿ ಕೂತಿದ್ದೆ. ಈಗ ಹೊಗೆ ಇಲ್ಲವೆಂದು ಅಲ್ಲಿಯೇ ಕೂತೆ. ಚೀಲ ಗೂಟದಲ್ಲಿ ಉಳಿಯಿತು.

ಈ ಕುರಿತು ನಮ್ಮ ಮನೆಯವರಲ್ಲಿ ಒಮ್ಮೆ ಪ್ರಸ್ತಾಪಿಸಿದೆ. ಅವರು ಕೆಟ್ಟವರಲ್ಲ. "ಅವ್ವ ಈಗ ಛಲೋ ಅದಾಳಲ್ಲ, ಇನ್ನೊಂದಿಷ್ಟ್ ದಿನಾ ತಡಿ" ಎಂದರು. ಅವರ ತಾಯಿ ಕೆಮ್ಮುತ್ತಿದ್ದಾಗಲೂ ನಾನು ತಡೆಯಬೇಕಿತ್ತು, ಚೇತರಿಸಿಕೊಂಡಾಗಲೂ ತಡಿ ಎಂದರು. ಎರಡರ ನಡುವೆ ನನಗೆ ಹೋಗಲು ಬಾಗಿಲಿರಲಿಲ್ಲ.

ನಮ್ಮಲ್ಲಿ ಅಮಾವಾಸ್ಯೆಯ ದಿನ ರೊಟ್ಟಿ ಬಡಿಯುವುದಿಲ್ಲ, ಎಲ್ಲ ಮನೆಗಳಲ್ಲಿ ಹೋಳಿಗೆ ಕಡಬು ಇರುತ್ತದೆ, ಖಾನಾವಳಿಗೂ ಅಂದು ರೊಟ್ಟಿ ಬೇಡ. ಅಂದಿನ ಅಡುಗೆ ಮಾತ್ರ ಗ್ಯಾಸಿನ ಮೇಲೆ ಆಗುವುದರಿಂದ, ಒಲೆ ತಣ್ಣಗಿರುವ ದಿನ ಅದೊಂದೇ. ಅಂದು ಅತ್ತೆಯವರು ಒಲೆಯನ್ನು ಮಣ್ಣು ಸಗಣಿಯಿಂದ ಸಾರಿಸುತ್ತಾರೆ. ಬಿರುಕು ಬಿಟ್ಟ ಒಲೆ ಮನೆಗೆ ಒಳ್ಳೆಯದಲ್ಲವೆಂಬುದು ಅವರ ನಂಬಿಕೆ. ಕೂದಲೆಳೆಯಷ್ಟು ಸೀಳಿದ್ದರೂ ಬೆರಳಿನಿಂದ ತುಂಬಿ, ಮೇಲೆ ಅಂಗೈಯಿಂದ ತೀಡಿ, ಕನ್ನಡಿಯ ಹಾಗೆ ಮಾಡುತ್ತಾರೆ. ಹೊಸ ಒಲೆಯ ಹಿಂದೆ, ಕೊಳವೆಯ ಬುಡದಲ್ಲಿ, ಗವಂಡಿ ಒಂದು ಇಟ್ಟಿಗೆಯನ್ನು ಮಣ್ಣು ಹಾಕದೆ ಬರೇ ಸಿಕ್ಕಿಸಿ ಹೋಗಿದ್ದ. ಮೊದಲ ಅಮಾವಾಸ್ಯೆಯಲ್ಲೇ ಅತ್ತೆಯವರು ಅದನ್ನು ಕಂಡು, ಎಂಥ ಅರೆಬರೆ ಕೆಲಸ ಮಾಡಿ ಹೋಗಿದ್ದಾನೆ ನೋಡು ಎಂದು ಅವನನ್ನು ಬೈದರು. ನಾನು ಕಲಸಿ ಕೊಟ್ಟ ಮಣ್ಣಿನಿಂದಲೇ ಅದರ ಸಂದುಗಳನ್ನು ಮುಚ್ಚಿ ತೀಡಿದರು. ನಂತರದ ಪ್ರತಿ ಅಮಾವಾಸ್ಯೆಯೂ ಅದರ ಮೇಲೆ ಒಂದೊಂದು ಪದರ ಏರಿತು. ಅಲ್ಲಿ ಇಟ್ಟಿಗೆ ಇತ್ತೆಂಬುದೇ ತಿಳಿಯದಂತೆ ಆಯಿತು.

ಮಳೆಗಾಲ ಹಿಡಿದಾಗ ಹೊಗೆ ಮರಳಿ ಬಂತು. ಒಂದೇ ಸಲ ಬರಲಿಲ್ಲ. ಮೊದಲು ಬೆಂಕಿ ಹಚ್ಚುವಾಗ ಸ್ವಲ್ಪ, ಆಮೇಲೆ ಕಟ್ಟಿಗೆ ಸರಿಸಿದಾಗೆಲ್ಲ. ನಾವು ಹಸಿ ಕಟ್ಟಿಗೆಯನ್ನು ದೂರಿದೆವು, ಜಾಲಿ ಬಿಟ್ಟು ಸಾ ಮಿಲ್ಲಿನ ತುಂಡು ತರಿಸಿದೆವು, ಗಾಳಿಯ ದಿಕ್ಕನ್ನು ದೂರಿದೆವು. ಓಣಿಯವರ ದೃಷ್ಟಿ ತಾಗಿದೆಯೆಂದು ಅತ್ತೆಯವರು ಕೊಳವೆಗೆ ಕರಿ ದಾರ ಕಟ್ಟಿದರು. ಒಂದು ದಿನ ರೊಟ್ಟಿ ಬೇಯಿಸುತ್ತಿದ್ದವರು ಕೆಮ್ಮುತ್ತ ಕೆಮ್ಮುತ್ತ ಗೋಡೆಗೆ ಒರಗಿ ಕೂತುಬಿಟ್ಟರು. ತುಟಿಗಳ ಬಣ್ಣ ಹೋಗಿತ್ತು. ಎಬ್ಬಿಸಿ ಪಡಸಾಲೆಗೆ ತಂದು ಮಲಗಿಸಿ, ನಾನು ಹೋಗಿ ಅವರ ಜಾಗದಲ್ಲಿ ಕೂತೆ. ಈ ಸಲ ಹಂಚೂ ನನ್ನದೇ, ಎಣ್ಣೆಗಾಯಿಯೂ ನನ್ನದೇ, ಹೊಗೆಯೂ ನನ್ನದೇ. ಖಾನಾವಳಿಯವರು ಅದೇ ವಾರ ಒಂದು ಹಾಸ್ಟೆಲ್ಲಿಗೂ ರೊಟ್ಟಿ ಬೇಕೆಂದು ಹೇಳಿ ಕಳಿಸಿದ್ದರು. ಅದಕ್ಕೆ ಉತ್ತರ ಹೋಗಿರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ, ಕೊಳವೆಗೆ ಏನಾಗಿರಬಹುದೆಂದು ಅತ್ತೆಯವರು ಹಾಸಿಗೆಯಿಂದಲೇ ಕೇಳಿದರು. ನಮ್ಮ ಮನೆಯವರು ರೊಟ್ಟಿ ಮುರಿಯುತ್ತಾ ಸಹಜವಾಗಿ ಉತ್ತರಿಸಿದರು.

"ಗವಂಡಿ ಏನೋ ಹೇಳಿದ್ದನಬೇ. ಕೊಳವಿ ಬುಡಕ ಒಂದ್ ಇಟ್ಟಂಗಿ ಸಡ್ಲ ಇಟ್ಟೇನಿ, ಆಗಾಗ ಅದನ್ನ ತಗದು ಒಳಗಿನ ಮಸಿ ಬಳದು ಹೊರಗ ಹಾಕ್ರಿ ಅಂತ."

"ಯಾವಾಗ ಹೇಳಿದ್ದ?"

"ಕಟ್ಟಿದ ದಿನಾನ."

"ಮತ್ತ ನಮಗ್ಯಾಕ ಹೇಳ್ಲಿಲ್ಲ ನೀ?"

"ನೀವೇನ್ ಕೇಳಿದ್ರೇನು?"

ಅತ್ತೆಯವರು ನನ್ನ ಕಡೆ ನೋಡಿದರು. "ತಪ್ಪು ನಮ್ದ ನೋಡವಾ. ಒಲಿ ಹ್ಯಾಂಗ ಹಚ್ಚೂದು ಅಂತ ಗಂಡಸರ್ನ ಕೇಳಬೇಕಿತ್ತು."

ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಅಲ್ಲಿಯವರೆಗೆ ಕಾಯುವ ದಿನಗಳಲ್ಲಿ, ಮಸಿ ತೆಗೆಯದೆ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿದ್ದುಂಟು. ಈ ಒಲೆ ಆಗಿಬರಲಿಲ್ಲವೆಂದು ರೊಟ್ಟಿಯ ಉದ್ಯೋಗವೇ ನಿಲ್ಲಬಹುದು. ಅಥವಾ ಉದ್ಯೋಗ ನಿಲ್ಲದೆ ನಾವಿಬ್ಬರೂ ಸರದಿಯಂತೆ ಕೆಮ್ಮುತ್ತ ಕೂರಬಹುದು. ನನ್ನ ಅನುಭವದಲ್ಲಿ ಎರಡನೆಯದೇ ಆಗುವುದು. ಅದೂ ಅಲ್ಲದೆ ಪಡಸಾಲೆಯಿಂದ ಬರುವ ಅತ್ತೆಯವರ ಉಸಿರಿನ ಸದ್ದು ಒಲೆಯ ಮುಂದೆಯೂ ಕೇಳಿಸುತ್ತಿತ್ತು.

ಅಮಾವಾಸ್ಯೆಯ ಮುಂಜಾನೆ ಒಲೆಯ ಹಿಂದೆ ಬಗ್ಗಿ ಕೂತು ಮಣ್ಣು ಕೆರೆಯಲು ಶುರುಮಾಡಿದೆ. ಅತ್ತೆಯವರು ಬೇಡವೆಂದರೂ ಎದ್ದು ಬಂದು ಬಾಗಿಲ ಬಳಿ ಕೂತಿದ್ದರು. ಅವರ ಕೈಯ ಪದರಗಳು ಒಂದರ ಮೇಲೊಂದು ಇದ್ದವು. ಕೆಲವು ಕೆಂಪು, ಕೆಲವು ಸಗಣಿಯ ಹಸಿರು. ಕೆಳಗಿನ ಪದರದಲ್ಲಿ ಅವರ ಬೆರಳುಗಳ ಗುರುತು ಹಾಗೆಯೇ ಇತ್ತು. ಉಳಿ ಹಾಕಿ ಇಟ್ಟಿಗೆಯನ್ನು ಎಳೆದಾಗ ಮಸಿ ತಾನಾಗಿಯೇ ಸುರಿಯತೊಡಗಿತು. ಒಣಗಿದ ಮಸಿ, ಮಳೆ ನೀರು ತಾಗಿ ಗಟ್ಟಿಯಾದ ಮಸಿ, ಟೊಪ್ಪಿಗೆಯ ಕೆಳಗೆ ಗೂಡು ಕಟ್ಟಲು ನೋಡಿದ ಹಕ್ಕಿ ಬಿಟ್ಟ ಕಡ್ಡಿಗಳು. ನಮ್ಮ ಮನೆಯವರು ಮಾಡು ಹತ್ತಿ, ಬಿದಿರಿನ ತುದಿಗೆ ಗೋಣಿಚೀಲ ಕಟ್ಟಿ ಮೇಲಿಂದ ಮಸಿಯನ್ನು ಉಜ್ಜಿ ಕೆಡವಿದರು. ನಾನು ಕೆಳಗೆ ಬೊಗಸೆಯಲ್ಲಿ ತೆಗೆದು ಬುಟ್ಟಿಗೆ ತುಂಬಿದೆ. ಬುಟ್ಟಿ ತುಂಬಿ, ಇನ್ನೊಂದು ಬುಟ್ಟಿ ತರಬೇಕಾಯಿತು.

ಅತ್ತೆಯವರು ಬಾಗಿಲ ಬಳಿಯಿಂದ ಬುಟ್ಟಿಗಳನ್ನು ನೋಡುತ್ತಿದ್ದರು. ಅವರು ಪೂಜಿಸುವ ಕೈಯಿಂದಲೇ ಇದು ಆದದ್ದು. ಆಮೇಲೆ ನಿಧಾನವಾಗಿ, "ಛಂದ ಮಾಡ್ತೇನಿ ಛಂದ ಮಾಡ್ತೇನಿ ಅಂತ ಅದರ ಗಂಟಲಾನ ಒತ್ತಿ ಹಿಡದಿದ್ದೆ ನೋಡು" ಎಂದರು. ನಾನು ಇಟ್ಟಿಗೆಯನ್ನು ಮಣ್ಣು ಮೆತ್ತದೆ ಮತ್ತೆ ಸಿಕ್ಕಿಸಿದೆ.

ಸ್ವಚ್ಛವಾದ ಮೇಲೆ ಪರೀಕ್ಷಿಸುವ ಸಲುವಾಗಿ ನಾಲ್ಕು ಹತ್ತಿ ಕಟ್ಟಿಗೆ ಹಾಕಿ ಹೊತ್ತಿಸಿದೆ. ಉರಿ ಒಳಕ್ಕೆ ಬಾಗಿ ಕೊಳವೆಯಲ್ಲಿ ಗುಂಯ್ ಎಂದಿತು. ಒಂದೆಳೆ ಹೊಗೆ ಹೊರಗೆ ಬರಲಿಲ್ಲ. ಅತ್ತೆಯವರ ಮುಖ ಸಡಿಲವಾಯಿತು. ಎದ್ದು ಬಂದು ನನ್ನ ಪಕ್ಕ ಕೂತರು.

"ಹಾಸ್ಟೆಲ್ಲಿಂದೂ ಹಿಡೀತೇವಿ ಅಂತ ನಾಳೆ ಹೇಳಿ ಕಳಸೂಣು. ಇನ್ನ ಏನೂ ತ್ರಾಸಿಲ್ಲ."

ಒಲೆಯನ್ನು ನೋಡುತ್ತಲೇ ನಾನು ಹೇಳಿದೆ. "ಅತ್ತಿ, ನಾ ಒಲ್ಲೆರಿ."

"ಯಾಕ? ಹೊಗಿ ಹೋತಲ್ಲ?"

"ಹೊಗಿ ಹೋತ್ರಿ. ನಾ ಇಲ್ಲೇ ಕುಂತೇನಲ್ರಿ."

ಮಾಡಿನಿಂದ ಇಳಿದ ನಮ್ಮ ಮನೆಯವರು ಮಸಿಯ ಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಒಮ್ಮೆ ಬಾಯಿಂದ ಬಂದದ್ದನ್ನು ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ.

"ನನಗ ಮುಂಜಾನಿ ಬೇಕ್ರಿ, ಓದಾಕ. ಈ ಸಲ ಬಿಟ್ರ ಮುಂದ ನನಗ ಪರೀಕ್ಷಾನ ಇಲ್ಲ."

"ಇಷ್ಟ್ ದಿನಾ ಹಿಂಗಂತ ಯಾಕ ಹೇಳ್ಲಿಲ್ಲ?" ಅತ್ತೆಯವರ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. "ಅತ್ತಿ ಕೆಮ್ಮು, ಅತ್ತಿ ಕೆಮ್ಮು ಅಂದಿ. ಕೊಳವಿನೂ ನನ್ನ ಹೆಸರಿಲೇ ಹಾಕಿಸಿದಿ. ನಾ ಖರೇ ಅಂತ ತಿಳ್ಕೊಂಡೆ."

ಅದೂ ಖರೆಯೇ ಆಗಿತ್ತೆಂದು ಹೇಳಿದೆ. ಎರಡೂ ಖರೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಒಂದು ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿ ಆರಿಸಿದರು. ಸುಮ್ಮನೆ ಉರಿದುಹೋಗುವುದು ಅವರಿಗೆ ಆಗುವುದಿಲ್ಲ.

"ಮುಂಜಾನಿ ನನ್ನ ಕಡೆನೂ ಇಲ್ಲವಾ, ನಿನಗ ಕೊಡಾಕ. ಅದು ಖಾನಾವಳಿಯವ್ರ ಕಡೆ ಐತಿ. ಅವ್ರಿಗೆ ಇಲ್ಲ ಅನ್ನಾಕ ನನಗ ಬರೂದಿಲ್ಲ, ಬಂದೂ ಇಲ್ಲ. ಬೇಕಂದ್ರ ನೀನ ಹೇಳು."

ಫೋನು ನಮ್ಮ ಮನೆಯವರ ಜೇಬಿನಲ್ಲಿತ್ತು. ಕೈ ಮಸಿಯಾಗಿದ್ದರಿಂದ ಅವರು ಜೇಬು ಮುಂದೆ ಮಾಡಿದರು, ನಾನು ತೆಗೆದುಕೊಂಡೆ. ನನ್ನ ಕೈಯೂ ಮಸಿಯೇ ಇತ್ತು. ಖಾನಾವಳಿಯ ಮಾಲೀಕರ ಜೊತೆ ನಾನು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಮದುವೆಗೆ ಮುಂಚೆ ಅವರಲ್ಲಿ ಎಷ್ಟೋ ಸಲ ಉಂಡಿದ್ದೆ, ಅವರಿಗೆ ಅದು ನೆನಪಿರುವ ಸಾಧ್ಯತೆ ಇರಲಿಲ್ಲ. ಇಂತಿಂಥ ಮನೆಯ ಸೊಸೆ ಎಂದು ತಿಳಿಸಿ, ಹಾಸ್ಟೆಲ್ಲಿನ ರೊಟ್ಟಿ ನಮ್ಮಿಂದ ಆಗುವುದಿಲ್ಲ, ಎಣ್ಣೆಗಾಯಿಯನ್ನೂ ಇನ್ನು ಮುಂದೆ ನಿಲ್ಲಿಸಲಾಗುವುದು, ರೊಟ್ಟಿ ಮಾತ್ರ ಎಂದಿನಂತೆ ಬರುತ್ತದೆ ಎಂದು ಹೇಳಿದೆ. ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕ್ಷಮಿಸಿ ಎನ್ನುತ್ತೇನೆಂಬ ಭಯ.

ಆ ಕಡೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. "ಏನವಾ ತಂಗಿ, ಅತ್ತಿ ಪೆನ್ಷನ್ ತಗೊಂಡ್ರೇನು?" ಎಂದು ಅವರು ನಕ್ಕರು. ಹಾಸ್ಟೆಲ್ಲಿಗೆ ಬೇರೆಯವರನ್ನು ನೋಡುವುದಾಗಿ ಒಪ್ಪಿಕೊಂಡರು. ಆದರೆ ಒಂದು ಮಾತು ಅವರದೂ ಇತ್ತು. ಈಗ ಹುಡುಗರು ಮುಂಜಾನೆಯೇ ಡಬ್ಬಿ ಕಟ್ಟಿಸಿಕೊಂಡು ವಾಚನಾಲಯಕ್ಕೆ ಹೋಗಿ ಸಂಜೆಯವರೆಗೂ ಅಲ್ಲೇ ಕೂರುತ್ತಾರೆ. ರೊಟ್ಟಿ ತಡವಾಗಿ ಬಂದರೆ ಪ್ರಯೋಜನವಿಲ್ಲ, ಇನ್ನೂ ಬೇಗ ಕಳಿಸಬೇಕು. ಆಗದಿದ್ದಲ್ಲಿ ಪೂರ್ತಿಯಾಗಿಯೇ ಬೇರೆಯವರಿಗೆ ಕೊಡಬೇಕಾಗುತ್ತದೆ. ಕಳಿಸುತ್ತೇವೆಂದೆ. ಹೇಳುವಾಗ ಅತ್ತೆಯವರ ಮುಖ ನೋಡಿದೆ. ಅವರು ತಲೆಯಾಡಿಸಿದರು.

ಆದುದರಿಂದ ಈಗ ನಮ್ಮ ಒಲೆ ಮೊದಲಿಗಿಂತ ಬೇಗ ಹೊತ್ತುತ್ತದೆ. ಓಣಿಯಲ್ಲಿ ನಾಯಿಗಳೂ ಎದ್ದಿರುವುದಿಲ್ಲ. ಅತ್ತೆಯವರು ಹೊಗೆಯಿಲ್ಲದ ಒಲೆಯ ಮುಂದೆ ಕೂತು ಬೇಯಿಸುತ್ತಾರೆ, ನಾನು ಬಡಿಯುತ್ತೇನೆ. ಮಾತು ಕಡಿಮೆ. ಕೆಮ್ಮು ಪೂರ್ತಿ ಹೋಗಿಲ್ಲ, ಹೆಚ್ಚಾಗಿಯೂ ಇಲ್ಲ. ರೊಟ್ಟಿಯ ಗಂಟು ಸ್ಕೂಟರಿನ ಮೇಲೆ ಹೋದ ನಂತರ ನಾನು ಮುಖ ತೊಳೆದು ಬಸ್ಸು ಹಿಡಿಯುತ್ತೇನೆ. ಹೊರಡುವಾಗ ಅತ್ತೆಯವರು ಹೋಗು ಎನ್ನುವುದಿಲ್ಲ, ಗಿರಣಿಯ ಹೊತ್ತಿಗೆ ಬಾ ಎನ್ನುತ್ತಾರೆ.

ನಾನು ತಲುಪುವ ಹೊತ್ತಿಗೆ ವಾಚನಾಲಯದ ಒಳ್ಳೆಯ ಜಾಗಗಳೆಲ್ಲ ತುಂಬಿರುತ್ತವೆ. ಮೆಟ್ಟಿಲ ಕೆಳಗೆ, ಫ್ಯಾನಿನ ಗಾಳಿ ತಲುಪದ ಮೂಲೆಯ ಕುರ್ಚಿ ಮಾತ್ರ ಖಾಲಿ. ಅಲ್ಲಿಂದ ಕಿಟಕಿ ಕಾಣುವುದಿಲ್ಲ. ಸುತ್ತ ಕೂತವರು ನನಗಿಂತ ಬಹಳ ಚಿಕ್ಕವರು. ಒಬ್ಬಳು ಮೊದಲ ದಿನ ನನ್ನನ್ನು ಅಲ್ಲಿಯ ಮೇಲ್ವಿಚಾರಕಿಯೆಂದು ತಿಳಿದು ಎದ್ದು ನಿಂತಳು. ಓದಲು ಕೂತ ಸ್ವಲ್ಪ ಹೊತ್ತಿಗೆ ನಿದ್ದೆ ಬರುತ್ತದೆ. ಬಂದಾಗ ಎದ್ದು ಹೋಗಿ ನಲ್ಲಿಯ ನೀರು ಕಣ್ಣಿಗೆ ಹಚ್ಚಿಕೊಂಡು ಬಂದು ಮತ್ತೆ ಅದೇ ಪುಟವನ್ನು ಮೊದಲಿನಿಂದ ಓದುತ್ತೇನೆ. ಮಧ್ಯಾಹ್ನ ಡಬ್ಬಿಗಳು ತೆರೆದಾಗ ಎಲ್ಲ ಕಡೆಯಿಂದಲೂ ನಮ್ಮ ಅಡುಗೆಮನೆಯ ವಾಸನೆ ಬರುತ್ತದೆ. ಆಗ ಗಡಿಯಾರ ನೋಡುತ್ತೇನೆ, ಗಿರಣಿಗೆ ಇನ್ನೆಷ್ಟು ಹೊತ್ತಿದೆಯೆಂದು.

ಅಧಿಸೂಚನೆ ಇನ್ನೂ ಹೊರಬಿದ್ದಿಲ್ಲ. ಅದು ಬಂದು ಪರೀಕ್ಷೆ ಮುಗಿಯುವವರೆಗೆ ಈ ವ್ಯವಸ್ಥೆ ಮುಂದುವರಿಯುತ್ತದೆಂದು ಮನೆಯಲ್ಲಿ ಒಪ್ಪಿಗೆಯಾಗಿದೆ. ಪರೀಕ್ಷೆಯಲ್ಲಿ ಆಗದಿದ್ದರೆ ಏನೆಂದು ಅತ್ತೆಯವರು ಕೇಳಿಲ್ಲ. ಆಗಿಬಿಟ್ಟರೆ ಏನೆಂಬುದನ್ನೂ ಕೇಳಿಲ್ಲ. ನಾಳೆ ಅಮಾವಾಸ್ಯೆಯಲ್ಲ, ಕಟ್ಟಿಗೆ ಸೀಳಿ ಒಳಗಿಟ್ಟು ಮಲಗಬೇಕು.